ಮೂರನೆಯ ಗಾಲಿ ಎಲ್ಲಿ ಹೋಯಿತು?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ರಸ್ತೆಗಳಿಗೆ ನಸುಕಿಗೆ ಮೊದಲೇ ಎಚ್ಚರ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಅವುಗಳ ಸಂದಿಯಲ್ಲಿ ನುಸುಳುತ್ತ ಮೋಟಾರ್‌ಸೈಕಲ್ಲುಗಳು ಸಾಗುತ್ತವೆ. ಒಂದರ ಎರಡೂ ಮಗ್ಗುಲಿಗೆ ಹಾಲಿನ ಕ್ಯಾನು, ಇನ್ನೊಂದರ ಹಿಂದೆ ಅಡ್ಡಲಾಗಿ ಕಟ್ಟಿದ ಹಸಿ ಸೋಗೆಯ ಹೊರೆ. ಟಿವಿಎಸ್ ಎಕ್ಸೆಲ್ ಮೇಲೆ ಬರುವ ರೈತ ಕಾಲಿಡುವ ಜಾಗದಲ್ಲಿ ಯೂರಿಯಾ ಚೀಲ ಇಟ್ಟು, ತನ್ನೆರಡೂ ಪಾದಗಳನ್ನು ಹೊರಗೆ ಚಾಚಿಕೊಂಡಿರುತ್ತಾನೆ. ಸ್ವಲ್ಪ ಬೆಳಕು ಹರಿದ ಮೇಲೆ ಲೈನ್‌ಮನ್‌ಗಳ ಗಾಡಿ ಹೊರಡುತ್ತದೆ. ಹಿಂದೆ ಕುಳಿತವನ ಹೆಗಲಲ್ಲಿ ತಂತಿಯ ಸುರುಳಿ, ಕೈಯಲ್ಲಿ ಏಣಿ.

ಇಬ್ಬರು ಕುಳಿತು ಹೋಗಲೆಂದು ಮಾಡಿದ ಈ ಗಾಡಿಗಳು ಇಲ್ಲಿ ಚಕ್ಕಡಿಯ ಕೆಲಸ ಮಾಡುತ್ತಿವೆ. ಎರಡು ಗಾಲಿಯ ಮೇಲೆ ಇಷ್ಟು ಭಾರ ಹೇರಿದರೆ ಏನಾಗುತ್ತದೆಂಬುದು ಮೋಟಾರ್‌ಸೈಕಲ್ ಹುಟ್ಟಿದ ಕಾಲದಿಂದಲೂ ಇರುವ ಪ್ರಶ್ನೆ. ಅದಕ್ಕೊಂದು ಉತ್ತರವೂ ನೂರು ವರ್ಷಕ್ಕೂ ಹಿಂದೆ ಸಿಕ್ಕಿತ್ತು: ಪಕ್ಕಕ್ಕೆ ಇನ್ನೊಂದು ಗಾಲಿ, ಅದರ ಮೇಲೊಂದು ಪೆಟ್ಟಿಗೆ. ಅದೇ ಸೈಡ್‌ಕಾರ್.

ನಮ್ಮಲ್ಲಿ ಬಹುತೇಕರು ಸೈಡ್‌ಕಾರನ್ನು ಕಂಡದ್ದು ಸಿನಿಮಾದಲ್ಲಿ. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ'ಯಲ್ಲಿ ಜೈ ಮತ್ತು ವೀರು ಸ್ನೇಹದ ಹಾಡು ಹೇಳುತ್ತ ಸಾಗುವ ಗಾಡಿ ಅದು. ರಾಮನಗರದ ಬಂಡೆಗಳ ನಡುವೆ ತಯಾರಾದ ಆ ಚಿತ್ರದಲ್ಲಿ ಓಡಿದ ಬಿಎಸ್‌ಎ ಮೋಟಾರ್‌ಸೈಕಲ್ಲಿನ ನೋಂದಣಿಯೂ ನಮ್ಮ ರಾಜ್ಯದ್ದೇ. ಹಾಡಿನ ನಡುವೆ ಸೈಡ್‌ಕಾರ್ ಕಳಚಿಕೊಂಡು ಬೇರೆ ದಾರಿ ಹಿಡಿದು, ಮತ್ತೆ ಬಂದು ಕೂಡಿಕೊಳ್ಳುತ್ತದೆ. ಸಿನಿಮಾಕ್ಕೆ ಅದು ಚೆಂದ. ನಿಜವಾದ ಸೈಡ್‌ಕಾರಿಗೆ ಇರುವುದು ಒಂದೇ ಗಾಲಿ, ಕಳಚಿದ ಕ್ಷಣವೇ ಅದು ನೆಲಕ್ಕೊರಗುತ್ತದೆ.

ತೋಟದ ಮನೆಗೆ ಬಸ್ಸು ಬರುವುದಿಲ್ಲ

ಈ ಸೀಮೆಯಲ್ಲಿ ಮೋಟಾರ್‌ಸೈಕಲ್ಲಿಗೆ ಇಷ್ಟು ಕೆಲಸ ಬಿದ್ದದ್ದಕ್ಕೆ ನೀರು ಕಾರಣ. ಘಟಪ್ರಭಾ ನದಿಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಎದ್ದದ್ದು ಸ್ವಾತಂತ್ರ್ಯಾನಂತರ. ಅದರ ಸಾಮರ್ಥ್ಯ 51 ಟಿಎಂಸಿ. ಕಾಲುವೆ ಹರಿದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಸೋಗೆಯ ಮೇವಿನ ಆಧಾರದಲ್ಲಿ ಎಮ್ಮೆ ಆಕಳು, ಅವುಗಳಿಂದ ಹಾಲು.

ನೀರು ಬಂದ ಮೇಲೆ ಜನ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿದರು. ಗೋಕಾಕ, ರಾಯಬಾಗ, ಮೂಡಲಗಿ ಸುತ್ತ ಊರಿನೊಳಗೆ ಇದ್ದಷ್ಟೇ ಜೀವನ ತೋಟದ ವಸತಿಗಳಲ್ಲೂ ಇದೆ. ಮನೆಯಿಂದ ಮನೆಗೆ ನಾಲ್ಕಾರು ಹೊಲಗಳ ಅಂತರ. ಬಸ್ಸು ಊರಿನ ಅಗಸಿಯವರೆಗೆ ಬರುತ್ತದೆ, ಅಲ್ಲಿಂದ ಮುಂದಿನದೆಲ್ಲ ಕಾಲುವೆಯ ದಂಡೆ, ಚಕ್ಕಡಿ ದಾರಿ, ಬದು. ಮಗುವನ್ನು ಶಾಲೆಗೆ ಬಿಡುವುದು, ಡೇರಿಗೆ ಹಾಲು ಹಾಕುವುದು, ಸುಟ್ಟ ಮೋಟಾರನ್ನು ರಿವೈಂಡಿಂಗಿಗೆ ಒಯ್ಯುವುದು, ಮುದುಕರನ್ನು ದವಾಖಾನೆಗೆ ಕರೆದೊಯ್ಯುವುದು, ಎಲ್ಲಕ್ಕೂ ಒಂದೇ ಗಾಡಿ. 2018ರಲ್ಲಿ ಗೋಕಾಕದಿಂದ ಬೇರೆಯಾಗಿ ಮೂಡಲಗಿ ತಾಲೂಕಾದದ್ದರಿಂದ ಕಚೇರಿಗಳು ಒಂದಿಷ್ಟು ಹತ್ತಿರವಾಗಿರಬಹುದು, ತೋಟದ ದಾರಿ ಮಾತ್ರ ಹಾಗೇ ಇದೆ.

ವಿದ್ಯುತ್ತಿನ ಕೆಲಸವೂ ಇದೇ ಹರವಿನಲ್ಲಿ ನಡೆಯುತ್ತದೆ. ದೇಶದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳ ಪ್ರಯೋಗ ಆರಂಭವಾದಾಗ ಮೊದಲ ಐದರಲ್ಲಿ ಹುಕ್ಕೇರಿಯೂ ಒಂದು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ತಾಲೂಕಿಗೆ ಕರೆಂಟು ಹಂಚುತ್ತಿದೆ. ರಾಜ್ಯದಲ್ಲಿ ಈ ಬಗೆಯದ್ದು ಇದೊಂದೇ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು, ತಂತಿ ಹರಿಯಿತು ಎಂಬ ಕರೆ ಬಂದಾಗ ಹೊರಡುವವನಿಗೂ ಕಬ್ಬಿನ ನಡುವಿನ ಆ ಸಣ್ಣ ದಾರಿಯೇ ಗತಿ. ಜೀಪು ಹೋಗದಲ್ಲಿ ಬೈಕೇ ಹೋಗಬೇಕು.

ಕ್ಯಾನಿನ ಲೆಕ್ಕ

ಹಾಲಿನ ಗಾಡಿಯನ್ನು ನಿಂತಿರುವಾಗ ಒಮ್ಮೆ ಹತ್ತಿರದಿಂದ ನೋಡಬೇಕು. ಹಿಂದಿನ ಸೀಟಿನ ಮೇಲೆ ಅಡ್ಡ ಕಬ್ಬಿಣದ ಪಟ್ಟಿ, ಅದರ ಎರಡು ತುದಿಗೆ ಕೊಕ್ಕೆ. ಕೊಕ್ಕೆಗೆ ಕ್ಯಾನಿನ ಹಿಡಿಕೆ ಸಿಕ್ಕಿಸಿ, ಹಳೆಯ ಟ್ಯೂಬು ಸೀಳಿ ಮಾಡಿದ ರಬ್ಬರ್ ಪಟ್ಟಿಯಿಂದ ಬಿಗಿದಿರುತ್ತಾರೆ. ಹಗ್ಗವಾದರೆ ದಾರಿಯ ಕುಲುಕಿಗೆ ಸಡಿಲಾಗುತ್ತದೆ, ಟ್ಯೂಬು ಎಳೆದು ಹಿಡಿದೇ ಇರುತ್ತದೆ. ಸೈಲೆನ್ಸರ್ ಇರುವ ಬಲಗಡೆ ಕ್ಯಾನಿಗೂ ಕೊಳವೆಗೂ ನಡುವೆ ಗೋಣಿತಟ್ಟಿನ ಮಡಿಕೆ. ಹಾಲಿಗೆ ಬಿಸಿ ತಾಗಬಾರದಲ್ಲ!

ಲೆಕ್ಕ ಹಾಕಿದರೆ ಆತಂಕವಾಗುತ್ತದೆ. 40 ಲೀಟರಿನ ತುಂಬಿದ ಕ್ಯಾನು, ಪಾತ್ರೆಯ ತೂಕ ಸೇರಿ 50 ಕೆ.ಜಿ. ಹತ್ತಿರ. ಎರಡಕ್ಕೆ ಒಂದು ಕ್ವಿಂಟಲ್. ಮೇಲೆ ಸವಾರ. ನೂರು ಸಿಸಿಯ ಸಾಮಾನ್ಯ ಬೈಕು ಹೊರಬೇಕಾದದ್ದು ಸವಾರನೂ ಸೇರಿ ಸುಮಾರು 130 ಕೆ.ಜಿ. ಮಾತ್ರ. ಅಂದರೆ ಡೇರಿಗೆ ಹೊರಟ ಕ್ಷಣವೇ ಆ ಗಾಡಿ ತನ್ನ ಮಿತಿ ದಾಟಿರುತ್ತದೆ. ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಕೂತಾಗ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ, ಬ್ರೇಕ್ ಹಿಡಿದರೆ ನಿಲ್ಲುವ ದೂರ ಹೆಚ್ಚುತ್ತದೆ. ಅರ್ಧ ತುಂಬಿದ ಕ್ಯಾನು ಇನ್ನೂ ಕೆಟ್ಟದ್ದು. ತಿರುವಿನಲ್ಲಿ ಹಾಲು ಒಂದು ಕಡೆಗೆ ನುಗ್ಗಿ, ಗಾಡಿ ನೆಟ್ಟಗಾಗುವ ಹೊತ್ತಿಗೆ ಮತ್ತೊಂದು ಕಡೆಗೆ ಬಡಿಯುತ್ತದೆ. ಹಾಲು ಹಾಕುವವರು ಒಂದು ಕ್ಯಾನು ಪೂರ್ತಿ ತುಂಬಿ ಇನ್ನೊಂದಕ್ಕೆ ಕೈಹಾಕದೆ ಎರಡರಲ್ಲೂ ಸಮ ಸಮ ಹೊಯ್ದುಕೊಳ್ಳುತ್ತಾರೆ. ಆಗ ಎಡಬಲದ ತೂಕ ಸರಿಹೋಗುತ್ತದೆ, ಆದರೆ ಎರಡೂ ಕ್ಯಾನು ತುಳುಕುತ್ತವೆ.

ಹಗುರವಾದ ಹೊರೆಯಲ್ಲೂ ಅಪಾಯ ಇದ್ದದ್ದೇ. ಸಂಕೇಶ್ವರದ ಪೇಟೆಗೆ ಒಣ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟವನಿಗೆ ತೂಕದ ಚಿಂತೆಯಿಲ್ಲ, ಹೆದ್ದಾರಿಯಲ್ಲಿ ಲಾರಿ ಪಕ್ಕದಿಂದ ದಾಟಿದಾಗ ಹೊಡೆಯುವ ಗಾಳಿಯದೇ ಚಿಂತೆ. ಅಗಲವಾದ ಚೀಲ ಆ ಗಾಳಿಯನ್ನೆಲ್ಲ ಹಿಡಿದು ಗಾಡಿಯನ್ನು ಮೊದಲು ಹೊರಕ್ಕೆ ತಳ್ಳುತ್ತದೆ, ಆಮೇಲೆ ಲಾರಿಯ ಹಿಂದಕ್ಕೇ ಎಳೆಯುತ್ತದೆ.

ಪಕ್ಕದ ಪೆಟ್ಟಿಗೆ ಬಂದ ಬಗೆ

ಪಕ್ಕಕ್ಕೆ ಗಾಲಿ ಜೋಡಿಸುವ ಉಪಾಯ ಮೊದಲು ಬಂದದ್ದು ಸೈಕಲ್ಲಿಗೆ. 1893ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದು, ಸೈಕಲ್ಲಿನಲ್ಲಿ ಇನ್ನೊಬ್ಬರನ್ನು ಕರೆದೊಯ್ಯಲು ಉತ್ತಮ ವಿಧಾನ ಯಾವುದೆಂದು ಸ್ಪರ್ಧೆ ಇಟ್ಟಾಗ ಸೇನಾಧಿಕಾರಿಯೊಬ್ಬ ಪಕ್ಕದ ಕುರ್ಚಿ ಜೋಡಿಸಿ ಬಹುಮಾನ ಪಡೆದ. ಮುಂದಿನ ಒಂದೆರಡು ದಶಕದಲ್ಲಿ ಅದು ಮೋಟಾರ್‌ಸೈಕಲ್ಲಿಗೂ ಬಂತು. ಕಾರು ಕೊಳ್ಳಲಾಗದ ಯುರೋಪಿನ ದುಡಿಯುವ ಕುಟುಂಬಗಳಿಗೆ ಅದೇ ಕಾರಾಯಿತು.

ಅದನ್ನು ಬರೀ ಕುಟುಂಬದ ಗಾಡಿ ಎಂದುಕೊಂಡರೆ ಅರ್ಧ ಕಥೆಯಷ್ಟೇ. ಕುರ್ಚಿಯ ಬದಲು ಮುಚ್ಚಳದ ಪೆಟ್ಟಿಗೆ ಕೂರಿಸಿ ಬಡಗಿ, ಬೇಕರಿಯವ, ಗಾಜು ಹಾಕುವವ ಎಲ್ಲರೂ ಓಡಿಸಿದರು. ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ನಿನ ಗಸ್ತಿನವರು ಇಂಥ ಪೆಟ್ಟಿಗೆಯಲ್ಲಿ ಸಲಕರಣೆ ತುಂಬಿಕೊಂಡು, ದಾರಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ರಿಪೇರಿ ಮಾಡುತ್ತ 1960ರ ದಶಕದವರೆಗೂ ತಿರುಗಿದರು. ನಮ್ಮ ಲೈನ್‌ಮನ್ನನ ಏಣಿ, ತಂತಿ, ಕಟಿಂಗ್ ಪ್ಲೇಯರಿಗೆ ಬೇಕಾಗಿರುವುದೂ ಅಂಥದೇ ಪೆಟ್ಟಿಗೆ.

ಭಾರತಕ್ಕೆ ಬ್ರಿಟಿಷ್ ಸೇನೆಯ ಜೊತೆ ಬಂದ ಸೈಡ್‌ಕಾರ್ ಸ್ವಾತಂತ್ರ್ಯದ ನಂತರ ಬುಲೆಟ್ಟಿಗೆ ಅಂಟಿತು. ಆಮೇಲೆ ಲ್ಯಾಂಬ್ರೆಟ್ಟಾ, ಬಜಾಜ್ ಸ್ಕೂಟರುಗಳಿಗೂ ಬಂತು. ಗಂಡ ಮುಂದೆ, ಹೆಂಡತಿ ಪಕ್ಕದ ತೊಟ್ಟಿಲಿನಲ್ಲಿ, ಅವಳ ಮಡಿಲಲ್ಲಿ ಮಕ್ಕಳು, ಹೀಗೆ ಸಂಸಾರ ಸಮೇತ ಜಾತ್ರೆಗೆ ಹೊರಟ ಸ್ಕೂಟರನ್ನು ನೆನಪಿಟ್ಟುಕೊಂಡವರು ಊರೂರಲ್ಲಿ ಇದ್ದಾರೆ.

ಎಡ ತಿರುವು, ಬಲ ತಿರುವು

ಸೈಡ್‌ಕಾರ್ ಓಡಿಸುವುದನ್ನು ಹೊಸದಾಗಿ ಕಲಿಯಬೇಕು. ಬೈಕು ಬಲ್ಲವನಿಗೇ ಅದು ಹೆಚ್ಚು ಕಷ್ಟ. ಎರಡು ಗಾಲಿಯ ಗಾಡಿ ತಿರುವಿನಲ್ಲಿ ವಾಲುತ್ತದೆ, ವಾಲಿಯೇ ತಿರುಗುತ್ತದೆ. ಮೂರನೆಯ ಗಾಲಿ ಬಿದ್ದ ಮೇಲೆ ಅದು ವಾಲುವುದಿಲ್ಲ, ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಬೇಕು. ಅಭ್ಯಾಸಬಲದಿಂದ ಮೈ ವಾಲಿಸಿ ಕೂತವನು ನೆಟ್ಟಗೆ ರಸ್ತೆಯಾಚೆ ಹೋಗುತ್ತಾನೆ.

ನಮ್ಮಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ ಸೈಡ್‌ಕಾರ್ ಕೂಡ ಎಡಕ್ಕೇ. ಗೋಕಾಕದಿಂದ ಫಾಲ್ಸಿಗೆ ಹೋಗುವ ದಾರಿಯನ್ನು ನೆನೆಸಿಕೊಳ್ಳಿ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ಲಿನ ಕಡೆಗೆ, ಘಟಪ್ರಭೆ 52 ಮೀಟರ್ ಧುಮ್ಮಿಕ್ಕುವ ಜಾಗಕ್ಕೆ ಆ ರಸ್ತೆ ಎಡಕ್ಕೂ ಬಲಕ್ಕೂ ಹೊರಳುತ್ತ ಸಾಗುತ್ತದೆ. ಬಲ ತಿರುವಿನಲ್ಲಿ ಭಾರ ಎಡಕ್ಕೆ ಒತ್ತುತ್ತದೆ. ಅಲ್ಲಿ ಸೈಡ್‌ಕಾರ್ ಗಾಲಿ ನೆಲ ಕಚ್ಚಿ ಗಾಡಿಯನ್ನು ಆನಿಸಿಕೊಳ್ಳುತ್ತದೆ. ಎಡ ತಿರುವು ಬಂದಾಗ ಭಾರ ಬಲಕ್ಕೆ ಹಾರುತ್ತದೆ, ಎಡಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಸವಾರ ವೇಗ ಇಳಿಸಿ, ಮೈಯನ್ನು ಎಡಕ್ಕೆ ಹಾಕಿ ಅದನ್ನು ಒತ್ತಿ ಹಿಡಿಯಬೇಕು. ಖಾಲಿ ಸೈಡ್‌ಕಾರೇ ಹೆಚ್ಚು ಮೋಸ ಮಾಡುವುದು ಇಲ್ಲಿ. ಅದಕ್ಕೇ ಬಲ್ಲವರು ಒಬ್ಬರೇ ಹೊರಟಾಗ ಒಂದು ಮರಳಿನ ಚೀಲ ಎಸೆದುಕೊಳ್ಳುತ್ತಾರೆ. ನಮ್ಮಲ್ಲಾದರೆ 45 ಕೆ.ಜಿ.ಯ ಒಂದು ಯೂರಿಯಾ ಚೀಲ ಸಾಕು.

ನೇರ ರಸ್ತೆಯಲ್ಲೂ ಗಾಡಿ ತನ್ನ ಗುಣ ಬಿಡುವುದಿಲ್ಲ. ಎಕ್ಸಿಲರೇಟರ್ ಹಿಂಡಿದರೆ ಮೋಟಾರ್‌ಸೈಕಲ್ ಮುನ್ನುಗ್ಗಿ ಸೈಡ್‌ಕಾರ್ ಹಿಂದುಳಿಯುವುದರಿಂದ ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದರೆ ಮೋಟಾರ್‌ಸೈಕಲ್ ನಿಲ್ಲಲು ನೋಡುತ್ತದೆ, ಸೈಡ್‌ಕಾರ್ ಮುಂದೆ ನುಗ್ಗುತ್ತದೆ, ಗಾಡಿ ಬಲಕ್ಕೆ, ಎದುರು ಬರುವ ವಾಹನಗಳ ಕಡೆಗೇ ಹೊರಳುತ್ತದೆ. ಹಾಗಾಗಿ ಒಳ್ಳೆಯ ಸೈಡ್‌ಕಾರಿನ ಗಾಲಿಗೆ ಅದರದೇ ಬ್ರೇಕ್ ಇರುತ್ತದೆ.

ಎಳೆತವನ್ನು ಕಡಿಮೆ ಮಾಡುವ ವಿದ್ಯೆ ಜೋಡಿಸುವ ಮೆಕ್ಯಾನಿಕ್ಕಿನ ಕೈಯಲ್ಲಿದೆ. ಸೈಡ್‌ಕಾರ್ ಗಾಲಿಯ ಮುಂಭಾಗವನ್ನು ಒಂದೆರಡು ಸೆಂಟಿಮೀಟರಿನಷ್ಟು ಒಳಕ್ಕೆ ತಿರುಗಿಸಿಡಬೇಕು, ಮೋಟಾರ್‌ಸೈಕಲ್ಲನ್ನು ಕೂದಲೆಳೆಯಷ್ಟು ಬಲಕ್ಕೆ ವಾಲಿಸಿ ಬಿಗಿಯಬೇಕು. ರಸ್ತೆ ನಡುವೆ ಉಬ್ಬಿ ಎಡಕ್ಕೆ ಇಳಿಜಾರಾಗಿರುವುದರಿಂದ ಆ ವಾಲು ಅಲ್ಲಿ ಸರಿತೂಗುತ್ತದೆ. ಗಾಲಿ ಮೋಟಾರ್‌ಸೈಕಲ್ಲಿನ ಹಿಂದಿನ ಅಚ್ಚಿಗಿಂತ ಒಂದು ಗೇಣು ಮುಂದಿರಬೇಕು. ಅಳತೆ ತಪ್ಪಿದರೆ ಟೈರು ತಿಂಗಳೊಪ್ಪತ್ತಿನಲ್ಲಿ ಸವೆದು ಹೋಗುತ್ತದೆ, ಸವಾರನ ರಟ್ಟೆ ಅದಕ್ಕೂ ಮೊದಲೇ ಸೋಲುತ್ತದೆ.

ಹಿಮದ ನಾಡಿನ ಗಾಡಿ

ಈ ಗಾಡಿ ಭೂಮಿಯ ಉತ್ತರದ ತುದಿಗೆ ಹತ್ತಿರದ ನಾಡುಗಳಲ್ಲಿ ಇಂದಿಗೂ ಬದುಕಿದೆ. ಹಿಮಗಟ್ಟಿದ ರಸ್ತೆಯ ಮೇಲೆ ಎರಡು ಗಾಲಿ ನಿಲ್ಲುವುದಿಲ್ಲ, ಮೂರು ನಿಲ್ಲುತ್ತವೆ. ಜಾರಿದರೂ ಬೀಳುವುದಿಲ್ಲ. ಟೈರಿಗೆ ಉಕ್ಕಿನ ಮೊಳೆ ಹೊಡೆದು, ಹ್ಯಾಂಡಲಿಗೆ ದಪ್ಪ ಕೈಗವಸು ಕಟ್ಟಿ, ಸೈಡ್‌ಕಾರಿನಲ್ಲಿ ಪೆಟ್ರೋಲ್ ಡಬ್ಬಿ, ಸಲಿಕೆ, ಕಂಬಳಿ ತುಂಬಿಕೊಂಡು ಚಳಿಗಾಲದಲ್ಲೂ ಅಲ್ಲಿನವರು ಹೊರಡುತ್ತಾರೆ.

ಅವರಲ್ಲಿ ಹೆಸರಾದ ಗಾಡಿ ರಷ್ಯಾದ ಉರಾಲ್. ಜರ್ಮನಿಯ ಬಿಎಂಡಬ್ಲ್ಯು ಆರ್71 ಮಾದರಿಯನ್ನು ನೋಡಿ ಸೋವಿಯತ್ ಒಕ್ಕೂಟ ಎಂ-72 ಎಂಬ ಮೋಟಾರ್‌ಸೈಕಲ್ ಮಾಡಿತು. 1941ರಲ್ಲಿ ಜರ್ಮನ್ ಸೇನೆ ಮಾಸ್ಕೋದತ್ತ ಬರುವಾಗ ಕಾರ್ಖಾನೆಯನ್ನು ಉರಾಲ್ ಪರ್ವತದಾಚೆಯ ಇರ್ಬಿತ್ ಎಂಬ ಊರಿಗೆ ಸಾಗಿಸಿದರು. 2022ರ ಉಕ್ರೇನ್ ಯುದ್ಧದ ಬಳಿಕ ಜೋಡಣೆಯ ಕೆಲಸ ಕಜಾಕಿಸ್ತಾನದ ಪೆಟ್ರೊಪಾವ್ಲ್‌ಗೆ ಹೋಯಿತು. ಉರಾಲ್‌ನ ಕೆಲವು ಮಾದರಿಗಳಲ್ಲಿ ಎಂಜಿನ್ನಿನ ಬಲ ಸೈಡ್‌ಕಾರ್ ಗಾಲಿಗೂ ಹೋಗುತ್ತದೆ. ಹಿಮದಲ್ಲೋ ಕೆಸರಿನಲ್ಲೋ ಹೂತಾಗ ಒಂದು ಸನ್ನೆ ಎಳೆದರೆ ಎರಡು ಗಾಲಿ ಒಟ್ಟಿಗೆ ತಳ್ಳುತ್ತವೆ. ಹಿಮ್ಮುಖ ಗೇರೂ ಇದೆ.

ಮಳೆಗಾಲದ ನಮ್ಮ ಎರೆ ಮಣ್ಣಿನ ದಾರಿಯನ್ನು ಕಂಡವರಿಗೆ ಇದು ದೂರದ ಸಂಗತಿ ಅನ್ನಿಸದು. ಎರೆ ಮಣ್ಣು ಹಿಮಕ್ಕಿಂತ ಸಲೀಸೇನಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಕಟ್ಟಿಹಾಕುತ್ತದೆ. ಆಗ ಕಡ್ಡಿಯಿಂದ ಕೆದರುತ್ತ ನಿಲ್ಲಬೇಕು, ಇಲ್ಲವೇ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಕ್ಯಾನು ಹೊತ್ತು ನಡೆಯಬೇಕು.

ನಮ್ಮಲ್ಲಿ ಯಾಕೆ ಉಳಿಯಲಿಲ್ಲ

ಆದರೂ ಸೈಡ್‌ಕಾರ್ ಇಲ್ಲಿ ನಿಲ್ಲಲಿಲ್ಲ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದ ಮೇಲೆ ಜನ ಬೈಕನ್ನು ಅಳೆದದ್ದು ಲೀಟರಿಗೆ ಎಷ್ಟು ಕಿಲೊಮೀಟರ್ ಎಂಬುದರಿಂದ. ಸೈಡ್‌ಕಾರ್ ಕಟ್ಟಿದರೆ ಆ ಲಾಭವೇ ಹೋಗುತ್ತದೆ. ನೂರು ಸಿಸಿಯ ಸಣ್ಣ ಎಂಜಿನ್ನಿಗೆ, ತೆಳು ಚಾಸಿಗೆ ಆ ಭಾರ ತಾಳದು. ಕ್ಲಚ್ ಸುಡುತ್ತದೆ, ಗಾಲಿಯ ಕಡ್ಡಿ ಮುರಿಯುತ್ತವೆ. ಅದನ್ನು ಎಳೆಯಬಲ್ಲ ಬುಲೆಟ್ ಬಡ ರೈತನ ಕೈಗೆ ನಿಲುಕದು.

ಅಗಲದ ಸಮಸ್ಯೆ ಇನ್ನೂ ದೊಡ್ಡದು. ಬೈಕು ಹೋಗಲು ಒಂದು ಗೆರೆ ಸಾಕು. ಕಾಲುವೆ ದಂಡೆಯ ಕಾಲುಹಾದಿಯಲ್ಲೂ ನುಗ್ಗುತ್ತದೆ. ಸೈಡ್‌ಕಾರಿಗೆ ಎರಡು ಗೆರೆ ಬೇಕು. ಅಲ್ಲದೆ ಉರಾಲ್‌ನಂಥ ದೊಡ್ಡ ಗಾಡಿಯ ಅಗಲ ನಮ್ಮ ಛೋಟಾ ಹಾಥಿಗಿಂತ ಹೆಚ್ಚು. 2005ರಲ್ಲಿ ಬಂದ ಈ ಛೋಟಾ ಹಾಥಿ, ಅಂದರೆ ಟಾಟಾ ಏಸ್, ಒಂದೂವರೆ ಮೀಟರ್ ಅಗಲದಲ್ಲೇ ಮುಕ್ಕಾಲು ಟನ್ ಹೊರುತ್ತಿದ್ದಾಗ, ಅಷ್ಟೇ ಜಾಗ ಹಿಡಿದು ಒಂದು ಕ್ವಿಂಟಲ್ ಹೊರುವ ಗಾಡಿಯನ್ನು ಯಾರು ಕೇಳುತ್ತಾರೆ? ಊರಿಂದ ಊರಿಗೆ ಜನ ಸಾಗಿಸುವ ಕೆಲಸ ಟಂಟಂ ಆಟೊಗಳ ಪಾಲಾಯಿತು. ಏಸ್ ಹೋಗದ, ಟಂಟಂ ತಿರುಗದ ತೋಟದ ದಾರಿಯಲ್ಲಿ ಮಾತ್ರ ಹೊರೆ ಹಳೆಯಂತೆ ಎರಡು ಗಾಲಿಯ ಮೇಲೇ ಉಳಿಯಿತು. ನನ್ನ ಮಟ್ಟಿಗೆ ಇದೇ ಕೊರಗು. ಮಾರುಕಟ್ಟೆ ದೊಡ್ಡ ಹೊರೆಗೆ ಗಾಡಿ ಕೊಟ್ಟಿತು, ದಿನಕ್ಕೆರಡು ಬಾರಿ ಎರಡು ಕ್ಯಾನು ಒಯ್ಯುವವನನ್ನು ಮರೆತುಬಿಟ್ಟಿತು.

ಪಂಚಾಯಿತಿಗೆ ಬರುವ ಸ್ಕೂಟರ್

ಮೂರನೆಯ ಗಾಲಿ ಪೂರ್ತಿ ಮಾಯವಾಗಿದೆ ಎನ್ನಲಾಗದು. ಗ್ರಾಮ ಪಂಚಾಯಿತಿಯ ಮುಂದೆ ನಿಂತ ಸ್ಕೂಟರುಗಳಲ್ಲಿ ಹಿಂದಿನ ಗಾಲಿಯ ಎರಡೂ ಬದಿಗೆ ಸಣ್ಣ ಗಾಲಿ ಇರುವುದೊಂದು ಕಾಣುತ್ತದೆ. ಅಂಗವಿಕಲರಿಗೆ ಸರ್ಕಾರ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯಲ್ಲಿ ಕೊಡುವ ಗಾಡಿ ಅದು. ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವ ವಿಆರ್‌ಡಬ್ಲ್ಯೂಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸ್ವತಃ ಅಂಗವಿಕಲರು. ಮಾಸಾಶನದ ಅರ್ಜಿ, ಗುರುತಿನ ಚೀಟಿಯ ಕಾಗದ, ವೈದ್ಯಕೀಯ ಶಿಬಿರದ ಸುದ್ದಿ ಹಿಡಿದು ಅವರಲ್ಲಿ ಹಲವರು ಮನೆಮನೆಗೆ ತಿರುಗುವುದು ಇಂಥ ಗಾಡಿಯಲ್ಲೇ. ಊರುಗೋಲು ಸಿಕ್ಕಿಸಲು ಪಕ್ಕದಲ್ಲೊಂದು ಕೊಳವೆ ಬೆಸೆಸಿಕೊಂಡಿರುತ್ತಾರೆ.

ಕಾಲೂರಿ ಗಾಡಿ ಹಿಡಿಯಲಾಗದವರಿಗೆ ಆ ಗಾಲಿಗಳೇ ಕಾಲು. ಆದರೆ ಇದರ ಕಷ್ಟವೂ ಸೈಡ್‌ಕಾರಿನದ್ದೇ: ವಾಲುವುದಿಲ್ಲ, ತಿರುವಿನಲ್ಲಿ ಜೋರಾಗಿ ಹೋದರೆ ಮಗುಚುತ್ತದೆ. ಚಕ್ಕಡಿ ದಾರಿಯಲ್ಲಿ ಇದಕ್ಕೆ ಮೂರು ಗೆರೆ ಬೇಕು. ಎರಡೂ ಬದಿಯ ಗಾಲಿ ದಿಬ್ಬದ ಮೇಲೆ ನಿಂತು, ಎಂಜಿನ್ ತಿರುಗಿಸುವ ನಡುವಿನ ಗಾಲಿ ತಗ್ಗಿನಲ್ಲಿ ತೂಗಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಆಗ ಇಳಿದು ನೂಕಲು ಅವರಿಗೆ ಆಗುವುದಿಲ್ಲ, ಯಾರಾದರೂ ಬರುವವರೆಗೆ ಕಾಯಬೇಕು. ಅತಿ ಹೆಚ್ಚು ಅಗತ್ಯವಿರುವವರ ಕೈಗೆ ಅತಿ ಕಡಿಮೆ ಸುಧಾರಿಸಿದ ಗಾಡಿ ಕೊಟ್ಟಿದ್ದೇವೆ.

ಕಾಯ್ದೆಯಲ್ಲಿ ಜಾಗವಿದೆ

1988ರ ಮೋಟಾರು ವಾಹನ ಕಾಯ್ದೆಯ 2(27)ನೇ ಕಲಮು ಮೋಟಾರ್‌ಸೈಕಲ್ ಎಂದರೇನು ಎಂದು ಹೇಳುವಾಗ, ಕಳಚಬಹುದಾದ, ಹೆಚ್ಚುವರಿ ಗಾಲಿಯುಳ್ಳ ಸೈಡ್‌ಕಾರನ್ನೂ ಅದರೊಳಗೇ ಸೇರಿಸುತ್ತದೆ. ಅಂದರೆ ಕಾನೂನಿನ ಕಣ್ಣಿಗೆ ಸೈಡ್‌ಕಾರ್ ಹೊರಗಿನದಲ್ಲ. ಹಾಗೆಂದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮನಸ್ಸಿಗೆ ಬಂದಂತೆ ಬೆಸೆಸಿಕೊಳ್ಳುವಂತಿಲ್ಲ. ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ 52ನೇ ಕಲಮು ಕಡಿವಾಣ ಹಾಕಿದೆ. ಅನುಮತಿಯಿಲ್ಲದೆ ಮಾಡಿಸಿದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಹೊರೆಯ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಂದಿತು. ಬೈಕಿಗೆ ಹಗುರ ಪೆಟ್ಟಿಗೆ ಕೂರಿಸಬಹುದು, ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂದಿನ ಸೀಟಿನ ಜಾಗದಲ್ಲಿ ಇಟ್ಟರೆ ಸವಾರ ಒಬ್ಬನೇ ಇರಬೇಕು. ಪಟ್ಟಣದಲ್ಲಿ ಊಟ ತಲುಪಿಸುವವರಿಗೆ ಹೊಂದುವ ಅಳತೆ ಇದು. ನಲವತ್ತು ಲೀಟರಿನ ಎರಡು ಕ್ಯಾನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ.

ನನಗನ್ನಿಸುವುದು ಇಷ್ಟು: ಕುರ್ಚಿಯ ಸೈಡ್‌ಕಾರ್ ಮರಳಿ ಬರಬೇಕಾಗಿಲ್ಲ. ನೆಲಕ್ಕೆ ಹತ್ತಿರವಿರುವ, ಎರಡು ಕ್ಯಾನು ಇಲ್ಲವೇ ಒಂದು ಮೇವಿನ ಹೊರೆ ಹಿಡಿಯುವ, ಚಕ್ಕಡಿಯ ಗಾಲಿಗೆರೆಗೆ ಹೊಂದುವ ಅಗಲದ ಒಂದು ಹಲಗೆ ಸಾಕು. ಅದನ್ನು ಕಾರ್ಖಾನೆಯೇ ಮಾಡಿ, ಪರೀಕ್ಷೆಗೆ ಒಳಪಡಿಸಿ, ಗೋಕಾಕದ ಕೆಎ-49 ಇರಲಿ ಚಿಕ್ಕೋಡಿಯ ಕೆಎ-23 ಇರಲಿ, ಆರ್‌ಸಿ ಪುಸ್ತಕದಲ್ಲಿ ನಮೂದಾಗುವಂತೆ ಮಾರಬೇಕು. ಪೆಟ್ರೋಲಿನ ಸಣ್ಣ ಎಂಜಿನ್ ಸೋಲುವ ಜಾಗದಲ್ಲಿ ವಿದ್ಯುತ್ ಮೋಟಾರ್ ಗೆಲ್ಲುತ್ತದೆ. ನಿಂತಲ್ಲಿಂದಲೇ ಅದಕ್ಕೆ ಪೂರ್ತಿ ಎಳೆತದ ಶಕ್ತಿ ಇರುತ್ತದೆ, ಹಿಂದಕ್ಕೆ ಓಡಿಸುವುದೂ ಸುಲಭ. ಹಾಲಿನ ದಾರಿ ದಿನವೂ ಅದೇ, ಕೆಲವೇ ಕಿಲೊಮೀಟರಿನದು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಬ್ಯಾಟರಿ ತುಂಬಲು ಬೇಕಾದಷ್ಟು ಹೊತ್ತಿದೆ. ತನ್ನ ಕರೆಂಟನ್ನು ತಾನೇ ಹಂಚಿಕೊಳ್ಳುವ ಸಹಕಾರಿ ಸಂಘ ಇರುವ ಹುಕ್ಕೇರಿಯಲ್ಲಿ ಇಂಥದ್ದೊಂದನ್ನು ಲೈನ್‌ಮನ್‌ಗಳ ಕೈಗೆ ಕೊಟ್ಟು ನೋಡಬಹುದು. ಗುಣದೋಷಗಳನ್ನು ಅವರಿಗಿಂತ ಬೇಗ ಪತ್ತೆಹಚ್ಚುವವರು ಸಿಗಲಿಕ್ಕಿಲ್ಲ.

ವಿನ್ಯಾಸ ಮಾಡುವವರು ಎರಡು ವಿಷಯದಲ್ಲಿ ಮಾತ್ರ ಕೈ ಹಿಡಿತ ಮಾಡಬಾರದು. ಒಂದು, ಪಕ್ಕದ ಗಾಲಿಗೆ ಅದರದೇ ಬ್ರೇಕ್. ಇನ್ನೊಂದು, ಎಡ ಅಂಚಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಬಡಿದ ಬೈಕುಗಳ ಸುದ್ದಿ ಈ ಭಾಗದ ಪತ್ರಿಕೆ ಓದುವವರಿಗೆ ಹೊಸದಲ್ಲ. ಒಂದೇ ಹೆಡ್‌ಲೈಟಿನ ಸೈಡ್‌ಕಾರ್ ಎದುರಿನಿಂದ ಬರುವವನಿಗೆ ಬರೀ ಬೈಕಿನಂತೆ ಕಾಣುತ್ತದೆ. ಹಿಂದಿನಿಂದ ಬಂದು ಎಡಕ್ಕೆ ನುಸುಳುವವನಿಗೆ ಅಲ್ಲಿ ಇನ್ನೊಂದು ಗಾಲಿಯೂ ಹಾಲೂ ಇವೆ ಎಂಬುದು ಆ ಕೆಂಪು ದೀಪದಿಂದಲೇ ತಿಳಿಯಬೇಕು.